ಅತ್ತೆ ಮತ್ತು ಇರಿಡಿಯಂ

ವೇಮಗಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕುಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. ಟ್ಯಾಂಕು ಮಾಡುವವಳು ನಾನಲ್ಲ. ಬೇರೆಯವರು ಹಾಕಿದ ವೆಲ್ಡಿಂಗ್ ಗಟ್ಟಿಯಾಗಿದೆಯೇ ಎಂದು ನೋಡಿ ಸಹಿ ಹಾಕುವವಳು. ವೆಲ್ಡಿಂಗ್ ಮೇಲಿನಿಂದ ನೋಡಿದರೆ ಹೆಣೆದ ಜಡೆಯಂತೆ ಒಪ್ಪವಾಗಿ ಕಾಣುತ್ತದೆ. ಒಳಗೆ ಮಾತ್ರ ಗಾಳಿಗುಳ್ಳೆ ಉಳಿದಿರಬಹುದು, ಕೂದಲೆಳೆಯಷ್ಟು ಬಿರುಕಿರಬಹುದು. ಅದನ್ನು ಕಂಡುಹಿಡಿಯಲು ಮನುಷ್ಯರಿಗೆ ಎಕ್ಸ್‌ರೇ ತೆಗೆದ ಹಾಗೆ ಉಕ್ಕಿಗೂ ತೆಗೆಯುತ್ತೇವೆ. ಆ ಕೆಲಸಕ್ಕೆ ನಮ್ಮಲ್ಲಿ ಬಳಸುವುದು ಇರಿಡಿಯಂ ಎಂಬ ಲೋಹವನ್ನು.

ಕೋಲಾರದಲ್ಲಿ ಡಿಪ್ಲೊಮಾ ಓದುವಾಗ ಈ ಹೆಸರನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಚಿನ್ನ, ಪ್ಲಾಟಿನಂಗಳ ಗುಂಪಿನದು. ಚಿನ್ನಕ್ಕಿಂತ ಅಪರೂಪ, ಚಿನ್ನಕ್ಕಿಂತ ಭಾರ. ತುಕ್ಕು ಹಿಡಿಯುವುದಿಲ್ಲ, ಆಸಿಡ್ಡಿಗೆ ಜಗ್ಗುವುದಿಲ್ಲ, ಕಬ್ಬಿಣ ನೀರಾಗಿ ಹರಿಯುವ ಕುಲುಮೆಯಲ್ಲೂ ತಾನು ಕರಗದೆ ಕೂತಿರುತ್ತದೆ. ಹಾಗೇ ಬಿಟ್ಟರೆ ಯಾರಿಗೂ ತೊಂದರೆ ಕೊಡದ ಲೋಹ. ಆದರೆ ಅದನ್ನು ಅಣು ರಿಯಾಕ್ಟರಿನೊಳಗೆ ಇಟ್ಟು ತೆಗೆದರೆ ಅದರ ಗುಣವೇ ಬೇರೆ. ಆಗ ಅದರಿಂದ ಹೊರಡುವ ಕಿರಣ ಎರಡು ಬೆರಳು ದಪ್ಪದ ಉಕ್ಕನ್ನೂ ದಾಟಿ ಆಚೆ ಇಟ್ಟ ಫಿಲ್ಮಿನ ಮೇಲೆ ಬೀಳುತ್ತದೆ. ಉಕ್ಕನ್ನೇ ದಾಟುವ ಕಿರಣಕ್ಕೆ ಮನುಷ್ಯರ ಮೈ ಯಾವ ಲೆಕ್ಕ?

ಆದ್ದರಿಂದ ಈ ಕೆಲಸ ನಮ್ಮಲ್ಲಿ ನಡೆಯುವುದು ಭಾನುವಾರ, ಕಾರ್ಖಾನೆ ಖಾಲಿಯಿರುವಾಗ. ಸೇಲಂ ಕಡೆಯ ಒಬ್ಬ ಹಿರಿಯ ಆಪರೇಟರ್ ಬರುತ್ತಾರೆ. ನಾನು ಅವರನ್ನು ಅಣ್ಣ ಅನ್ನುತ್ತೇನೆ, ಅವರು ನನ್ನನ್ನು ಮೇಡಂ ಅನ್ನುತ್ತಾರೆ. ಅವರು ತರುವ ಪೆಟ್ಟಿಗೆಗೆ ನಾವೆಲ್ಲ ಕ್ಯಾಮೆರಾ ಎನ್ನುವುದು ವಾಡಿಕೆ. ಟಿಫನ್ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡದಿರುವ ಅದನ್ನು ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುತ್ತದೆ. ಅದರೊಳಗೆ ಉದ್ದನೆಯ ತಂತಿಯ ತುದಿಯಲ್ಲಿ ಮೆಣಸಿನ ಕಾಳಿಗಿಂತ ಚಿಕ್ಕದಾದ ಇರಿಡಿಯಂ ಇರುತ್ತದೆ. ದೂರದಲ್ಲಿ ನಿಂತು ಹಿಡಿ ತಿರುಗಿಸಿದರೆ ಅದು ಕೊಳವೆಯೊಂದರ ಮೂಲಕ ಹರಿದು ಟ್ಯಾಂಕಿನ ಹತ್ತಿರ ಹೋಗಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಹಿಂದಕ್ಕೆ ತಿರುಗಿಸಿದರೆ ಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತದೆ. ಸುತ್ತ ಹಗ್ಗ ಕಟ್ಟಿ, ಬೋರ್ಡು ನೇತುಹಾಕಿ, ನಾವು ಗೋಡೆಯ ಆಚೆ ನಿಂತಿರುತ್ತೇವೆ.

ಮೂರು ವರ್ಷದ ಕೆಳಗೆ ಒಂದು ಭಾನುವಾರ ಆ ಕಾಳು ಹಿಂದಕ್ಕೆ ಬರಲಿಲ್ಲ.

ಸರಿಯಾಗಿ ಆನಿಸದೆ ಇಟ್ಟಿದ್ದ ಒಂದು ಪೈಪು ಉರುಳಿ ಕೊಳವೆಯ ಮೇಲೆ ಬಿದ್ದಿತ್ತು. ಕೊಳವೆ ಚಪ್ಪಟೆಯಾಗಿತ್ತು. ಅಣ್ಣ ಹಿಡಿ ತಿರುಗಿಸಿದರು, ಅದು ಅರ್ಧಕ್ಕೆ ನಿಂತಿತು. ಮತ್ತೆ ತಿರುಗಿಸಿದರು. ಕೈಯಲ್ಲಿದ್ದ, ಕಿರಣ ಅಳೆಯುವ ಮೀಟರು ಕಿರ್ರನೆ ಕೂಗುವುದನ್ನು ನಿಲ್ಲಿಸಲೇ ಇಲ್ಲ.

"ಮೇಡಂ, ಒಳಗಡೆ ಹೋಗ್ತಿಲ್ಲ," ಅಂದರು. ದನಿ ಏರಲಿಲ್ಲ. "ನೀವು ಗೇಟ್ ತನಕ ಹೋಗಿ. ವಾಚ್‌ಮನ್‌ನೂ ಕರ್ಕೊಂಡು ಹೋಗಿ. ಓಡ್ಬೇಡಿ, ನಡ್ಕೊಂಡು ಹೋಗಿ."

ನಾನು ನಡೆದೇ ಹೋದೆ. ಆದರೆ ಗೇಟು ಮುಟ್ಟಿದ ಕೂಡಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಅಣ್ಣನ ಕಂಪನಿಯ ಸುರಕ್ಷತಾ ಅಧಿಕಾರಿ ಬೆಂಗಳೂರಿನಿಂದ ಬಂದು, ಸೀಸದ ಚೀಲಗಳನ್ನು ಮಾರುದ್ದದ ಇಕ್ಕಳದಿಂದ ಹೇರಿ, ಕೊಳವೆಯನ್ನು ನೆಟ್ಟಗೆ ಮಾಡಿ ಅದನ್ನು ಒಳಗೆ ಎಳೆಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮೈಗೆ ಎಷ್ಟು ಕಿರಣ ಬಿತ್ತೆಂದು ತಿಳಿಯಲು ಎದೆಗೆ ಸಿಕ್ಕಿಸಿಕೊಳ್ಳುವ ನಮ್ಮ ಬ್ಯಾಡ್ಜುಗಳನ್ನು ಪರೀಕ್ಷೆಗೆ ಕಳಿಸಿದರು. ಯಾರಿಗೂ ಏನೂ ಆಗಿಲ್ಲ, ಎಲ್ಲವೂ ಮಿತಿಯೊಳಗೇ ಇದೆ ಎಂದು ಉತ್ತರ ಬರುವವರೆಗೆ ನನಗೆ ಅನ್ನ ಸೇರಲಿಲ್ಲ.

ಆ ವಾರ ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಕೋಲಾರದ ನಮ್ಮ ಮನೆಗೆ ಬಂದಿದ್ದರು. ಅವರಿರುವುದು ಮುಳಬಾಗಿಲು ತಾಲ್ಲೂಕಿನಲ್ಲಿ, ಆವನಿ ಬೆಟ್ಟಕ್ಕೆ ಒಂದೆರಡು ಮೈಲಿ ಈಚೆ. ಎರಡು ಸೀಮೆಹಸು, ಒಂದು ಕರು, ಡೈರಿಗೆ ಹಾಲು ಹಾಕುವುದು, ಇದು ಅವರ ದಿನಚರಿ. ಪಕ್ಕದ ಮನೆಯಲ್ಲೇ ಅವರ ಓರಗಿತ್ತಿ, ನಾನು ಚಿಕ್ಕತ್ತೆ ಅನ್ನುವವರು, ತುಂಬು ಸಂಸಾರದೊಂದಿಗೆ ಇದ್ದಾರೆ. ಹಾಗಾಗಿ ಅತ್ತೆ ಒಂಟಿಯಲ್ಲ. ಅವರ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಬೇಜಾರಾದಾಗ ಪೂರ್ತಿ ತೆಲುಗು.

ಕಾರ್ಖಾನೆಯ ಕಥೆ ಕೇಳಿ ಅವರು ಬೆಚ್ಚಿಬಿದ್ದರು. "ಕಣ್ಣಿಗೆ ಕಾಣಲ್ಲ, ವಾಸ್ನೆ ಇಲ್ಲ, ಸುಡೋದೂ ಗೊತ್ತಾಗಲ್ಲ ಅಂತೀಯ. ಅದು ದೆಯ್ಯಂ ಕಣಮ್ಮಾ, ದೆಯ್ಯಂ! ಆ ಕೆಲಸ ಬಿಟ್ಬಿಡು," ಅಂದರು. ದೆವ್ವ ಎನ್ನಲು ಅವರಿಗೆ ತೆಲುಗಿನ ದೆಯ್ಯಮೇ ಬಾಯಿಗೆ ಬರುವುದು. ನನ್ನ ಗಂಡನಿಗೂ ಹಾಗೇ ಅನ್ನಿಸಿತ್ತು, ಆದರೆ ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನು ಕೆಲಸ ಬಿಡಲಿಲ್ಲ. ಆದರೆ ಮುಂದಿನ ಭಾನುವಾರದಿಂದ ಹಗ್ಗವನ್ನು ಇನ್ನೂ ಹತ್ತು ಮಾರು ದೂರಕ್ಕೆ ಕಟ್ಟಿಸಿದೆ.

ಇದಾಗಿ ಒಂದು ವರ್ಷಕ್ಕೆ ಅತ್ತೆ ಮತ್ತೆ ನಮ್ಮ ಮನೆಗೆ ಬಂದಾಗ ನಾನೊಂದು ವಿಷಯ ಗಮನಿಸಿದೆ. ಅವರು ಸೋಫಾದ ಮೇಲೆ ಕೂರುತ್ತಿರಲಿಲ್ಲ. ಮೊದಲೆಲ್ಲ ಟಿವಿ ಎದುರು ಕಾಲು ಮಡಚಿಕೊಂಡು ಅಲ್ಲೇ ಕೂತು ಅಲ್ಲೇ ತೂಕಡಿಸುತ್ತಿದ್ದವರು ಈಗ ನೆಲದ ಮೇಲೆ ಹಳೆಯ ಗೋಣಿಚೀಲ ಹಾಸಿಕೊಳ್ಳುತ್ತಿದ್ದರು.

"ಯಾಕತ್ತೆ, ಮೇಲೆ ಕೂತ್ಕೊಳ್ಳಿ," ಅಂದೆ.

"ನೆಲಾನೇ ತಂಪು ಕಣಮ್ಮಾ."

ಪುಷ್ಯ ಮಾಸದ ಚಳಿಯಲ್ಲಿ ನೆಲದ ತಂಪು ಯಾರಿಗೆ ಬೇಕು? ಮಾರನೆಯ ದಿನ ಬಚ್ಚಲಲ್ಲಿ ಮೂಲೆಯ ಬಕೆಟ್ಟಿನಡಿ ಒಂದು ಬಟ್ಟೆ ಸಿಕ್ಕಿತು. ಎಷ್ಟು ಒಗೆದರೂ ಹೋಗದ ಕಲೆ. ಅತ್ತೆಗೆ ಮುಟ್ಟು ನಿಂತು ಹತ್ತು ವರ್ಷವಾಗಿತ್ತು.

ಗಂಡ ಕೆಲಸಕ್ಕೆ ಹೊರಡುವವರೆಗೆ ಕಾದೆ. ಆಮೇಲೆ ಅಡುಗೆಮನೆಯಲ್ಲಿ ಅವರ ಪಕ್ಕ ನೆಲದ ಮೇಲೇ ಕೂತು ಕೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ.

"ಎಷ್ಟು ದಿನದಿಂದ ಅತ್ತೆ?"

"ಗೌರಿ ಹಬ್ಬದಿಂದ."

ಗೌರಿ ಹಬ್ಬ ಕಳೆದು ನಾಲ್ಕು ತಿಂಗಳಾಗಿತ್ತು. ನಾಲ್ಕು ತಿಂಗಳು ಅವರು ಯಾರಿಗೂ ಹೇಳದೆ, ಬಟ್ಟೆಯನ್ನು ಯಾರೂ ಏಳುವ ಮೊದಲೇ ಕೊಟ್ಟಿಗೆಯ ಹಿಂದೆ ಒಗೆದುಕೊಂಡು, ಹಸುವಿನ ಕೆಲಸ ಮಾಡಿಕೊಂಡು ಇದ್ದರು.

"ನನಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಈ ವಯಸ್ಸಿಗೆ ಇದೇನು ಸಿಗ್ಗು ಅಂತ…" ಅಂದವರು ಅಷ್ಟಕ್ಕೇ ನಿಲ್ಲಿಸಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಸಿಗ್ಗು ಎಂದರೆ ನಾಚಿಕೆ. ಆ ಒಂದು ಪದ ಅವರಿಂದ ನಾಲ್ಕು ತಿಂಗಳು ಕಸಿದುಕೊಂಡಿತ್ತು.

ಅದೇ ದಿನ ಕೋಲಾರದಲ್ಲಿ ಲೇಡಿ ಡಾಕ್ಟರ್‌ಗೆ ತೋರಿಸಿದೆವು. ಅವರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್, ಎರಡನೇ ಹಂತ ಎಂದು ಉತ್ತರ ಬಂತು. ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟರು. ಅಲ್ಲಿಯ ವೈದ್ಯೆ ನಡುವಯಸ್ಸಿನವರು, ಕೂರಿಸಿ ಮಾತಾಡುವ ಸ್ವಭಾವದವರು. "ಇದು ವಾಸಿಯಾಗೋ ಕಾಯಿಲೆ. ಇನ್ನೂ ಆರು ತಿಂಗಳು ಬಿಟ್ಟು ಬಂದಿದ್ರೆ ಹೀಗೆ ಹೇಳ್ತಿರ್ಲಿಲ್ಲ," ಅಂದರು. ಐದು ವಾರ ಹೊರಗಿನಿಂದ ರೇಡಿಯೇಷನ್, ವಾರಕ್ಕೊಮ್ಮೆ ಕೀಮೋ. ಅದು ಮುಗಿದ ಮೇಲೆ ಮೂರು ಸಲ ಒಳಗಿನಿಂದ ರೇಡಿಯೇಷನ್.

ಆ ಐದು ವಾರ ನನ್ನ ಗಂಡ ರಜೆ ಹಾಕಿ, ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಹಿಡಿದು ತಾಯಿಯ ಜೊತೆಗಿದ್ದರು. ನಾನು ಕಾರ್ಖಾನೆಗೆ ಹೋಗಿ ಬಂದು, ಭಾನುವಾರದ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿ, ಶನಿವಾರ ಸಂಜೆ ರೈಲು ಹತ್ತುತ್ತಿದ್ದೆ. ಅತ್ತೆ ಸೊರಗಿದರು. ಬಾಯಿ ರುಚಿ ಕೆಟ್ಟು, ಮುದ್ದೆ ನೋಡಿದರೆ ಮುಖ ತಿರುಗಿಸುತ್ತಿದ್ದರು. ಆದರೆ ಮೂರನೆಯ ವಾರಕ್ಕೆ ರಕ್ತ ಹೋಗುವುದು ನಿಂತಿತು. ಆ ಶನಿವಾರ ನಾನು ಕೋಣೆಯ ಬಾಗಿಲು ತಳ್ಳಿದಾಗ ಅವರು ಮಂಚದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಹಾಸಿಗೆಯ ಮೇಲೆ ಅಂಗೈ ತಟ್ಟಿ ತೋರಿಸಿದರು. ಬಿಳಿಯ ಹೊದಿಕೆ, ಅದರ ಕೆಳಗೆ ಗೋಣಿಚೀಲವಿಲ್ಲ.

ಐದು ವಾರ ಮುಗಿದ ಮೇಲೆ ಒಳಗಿನ ಚಿಕಿತ್ಸೆಯ ಬಗ್ಗೆ ತಿಳಿಸಲು ವೈದ್ಯೆ ನಮ್ಮನ್ನು ಕರೆದರು. ಸಣ್ಣ ಕೊಳವೆಗಳನ್ನು ಗರ್ಭಕೋಶದ ಒಳಗಿಟ್ಟು, ಅವನ್ನು ಯಂತ್ರಕ್ಕೆ ಜೋಡಿಸುತ್ತೇವೆ, ಯಂತ್ರದಿಂದ ಒಂದು ತಂತಿ ಬಂದು ಕೆಲವು ನಿಮಿಷ ಅಲ್ಲಿ ನಿಂತು ಹಿಂದಕ್ಕೆ ಹೋಗುತ್ತದೆ ಎಂದರು.

"ತಂತಿಯ ತುದಿಯಲ್ಲಿ ಏನಿರುತ್ತೆ ಡಾಕ್ಟ್ರೇ?" ಎಂದು ಕೇಳಿದೆ. ಉತ್ತರ ನನಗೆ ಆಗಲೇ ಗೊತ್ತಾಗಿತ್ತು.

"ಇರಿಡಿಯಂ," ಅಂದರು.

ಮೀಟರಿನ ಆ ಕಿರ್ರೆನ್ನುವ ಸದ್ದು ಕಿವಿಯಲ್ಲಿ ತುಂಬಿಕೊಂಡಿತು. ಇದ್ದ ದೂರ ಸಾಲದೆಂದು ಇನ್ನೂ ಹತ್ತು ಮಾರು ಸರಿಸಿ ಹಗ್ಗ ಕಟ್ಟಿಸಿದವಳು ನಾನು. ಅದನ್ನು ಅತ್ತೆಯ ಹೊಟ್ಟೆಯೊಳಗೆ ಬಿಡಲು ಒಪ್ಪಿ ಸಹಿ ಹಾಕಬೇಕಿತ್ತು. ಗಂಡ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಅವರಿಗೂ ಆ ಹೆಸರು ನೆನಪಿತ್ತು. ಅತ್ತೆಗೆ ಮಾತ್ರ ನೆನಪಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ಅತ್ತೆಯೇ ಕೇಳಿದರು. "ಅದೇನಮ್ಮಾ ಆ ಡಾಕ್ಟ್ರಮ್ಮ ಹೇಳಿದ್ದು? ಇನುಮಾ?"

ಕಬ್ಬಿಣ ಅವರಿಗೆ ಯಾವತ್ತೂ ತೆಲುಗಿನ ಇನುಮೇ. "ಇನುಮ ಅಲ್ಲ ಅತ್ತೆ, ಇರಿಡಿಯಂ. ಬಂಗಾರದ ಕಡೇದು. ಬಂಗಾರಕ್ಕಿಂತ ಅಪರೂಪ. ಡೈರೀಲಿ ಲಾರಿಗೆ ಹತ್ತಿಸೋ ದೊಡ್ಡ ಕ್ಯಾನ್ ಇದೆಯಲ್ಲ, ಅದರ ತುಂಬಾ ಇದನ್ನ ತುಂಬಿಸಿಟ್ರೆ ಹತ್ತು ಜನ ಗಂಡಸ್ರು ಬಂದ್ರೂ ಎತ್ತಕ್ಕಾಗಲ್ಲ."

"ಅಬ್ಬಾ! ಒಡವೆ ಮಾಡ್ತಾರಾ?"

"ಇಲ್ಲ, ತುಂಬಾ ಗಡಸು. ತಟ್ಟಿದ್ರೆ ಬಗ್ಗಲ್ಲ, ಒಡೆದೋಗುತ್ತೆ. ಸವೀಬಾರದು ಅನ್ನೋ ಕಡೆಗೆ ಒಂದು ಚುಕ್ಕೆ ಹಾಕ್ತಾರೆ. ನಮ್ಮಪ್ಪನ ಇಂಕ್ ಪೆನ್ನಿನ ಮೊನೇಲಿ ಅಂಥ ಲೋಹ ಇತ್ತು." ನಮ್ಮಪ್ಪ ಶ್ರೀನಿವಾಸಪುರದಲ್ಲಿ ಮೇಷ್ಟ್ರಾಗಿದ್ದವರು. ಒಂದೇ ಪೆನ್ನಿನಲ್ಲಿ ಇಡೀ ಸರ್ವಿಸ್ಸು ಕಳೆದವರು. "ನಿಮ್ಮ ಮಗನ ಬೈಕಿಗೆ ಹೋದ ವರ್ಷ ಹಾಕ್ಸಿದ್ರಲ್ಲ ಸ್ಪಾರ್ಕ್ ಪ್ಲಗ್, ಅದರ ತುದೀಲೂ ಇದೇ. ಎಷ್ಟು ಕಿಡಿ ಹಾರಿದ್ರೂ ಕರಗಲ್ಲ."

ಅತ್ತೆ ಮಗನ ಕಡೆ ತಿರುಗಿದರು. ಅವರು ಹೌದೆಂದು ತಲೆಯಾಡಿಸಿದರು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಪೆನ್ನು, ಪ್ಲಗ್ಗು, ಬಂಗಾರದ ನೆಂಟಸ್ತಿಕೆ, ಇಷ್ಟರಲ್ಲೇ ಅತ್ತೆ ಸಮಾಧಾನಪಟ್ಟು ಒಳಗೆ ಹೋಗುತ್ತಿದ್ದರು. ಗಂಡ ಕಣ್ಣಲ್ಲೇ ಸಾಕು ಅಂದರು. ಆದರೆ ನಾಲ್ಕು ತಿಂಗಳು ಮುಚ್ಚಿಟ್ಟಿದ್ದೇಕೆ ಎಂದು ಅತ್ತೆಯನ್ನು ಕೇಳಿದವಳು ನಾನೇ. ಈಗ ನಾನು ಮುಚ್ಚಿಡುವುದು ಸರಿ ಕಾಣಲಿಲ್ಲ.

"ಅತ್ತೆ, ಇನ್ನೊಂದು ಮಾತು. ನಮ್ಮ ಫ್ಯಾಕ್ಟರೀಲಿ ಅವತ್ತು ಸಿಕ್ಕಾಕ್ಕೊಂಡಿತ್ತಲ್ಲ, ನೀವು ದೆಯ್ಯಂ ಅಂದ್ರಲ್ಲ, ಅದೂ ಇದೇನೇ."

ಎದುರಿನ ಬೆಂಚಿನಲ್ಲಿ ಯಾರದೋ ಮಗು ಬಿಸ್ಕತ್ತು ಬೀಳಿಸಿ ಅಳುತ್ತಿತ್ತು. ಅತ್ತೆ ಅದನ್ನೇ ನೋಡುತ್ತಾ, "ಅಲ್ಲಿ ನೀವು ಮೈಲಿ ದೂರ ಓಡಿಹೋಗ್ತೀರ. ಇಲ್ಲಿ ನನ್ನ ಒಳಗೇ ಬಿಡ್ತಾರಾ?" ಅಂದರು.

"ಹೂಂ. ದೂರ ಹೋದಷ್ಟೂ ಅದರ ಶಕ್ತಿ ಬೇಗ ಬೇಗ ಕಮ್ಮಿ ಆಗುತ್ತೆ, ಅದಕ್ಕೇ ನಾವು ದೂರ ಹೋಗೋದು. ಇವರು ಅದನ್ನೇ ಬಳಸ್ಕೋತಾರೆ. ಗಡ್ಡೆ ಪಕ್ಕದಲ್ಲೇ ಇಟ್ರೆ ಗಡ್ಡೆಗೆ ಪೂರ್ತಿ ಬೀಳುತ್ತೆ. ನಾಲ್ಕು ಬೆರಳು ಆಚೆ ಹೋಗೋಷ್ಟ್ರಲ್ಲಿ ಶಕ್ತಿ ಇಳಿದೋಗಿರುತ್ತೆ. ಹೊರಗಿಂದ ಕೊಟ್ರೆ ಇಷ್ಟು ಹತ್ರಕ್ಕೆ ಹೋಗಕ್ಕಾಗಲ್ಲ."

ಹೇಳುತ್ತಾ ಹೇಳುತ್ತಾ ನನಗೇ ಅದು ಮನಸ್ಸಿಗೆ ಹತ್ತಿತು. ಕಾರ್ಖಾನೆಯಲ್ಲಿ ಪ್ರತಿ ವಾರ ಲೆಕ್ಕ ಹಾಕುತ್ತಿದ್ದ ನಿಯಮವೇ ಇದು. ಎರಡರಷ್ಟು ದೂರ ಹೋದರೆ ನಾಲ್ಕನೇ ಒಂದು ಪಾಲು. ಹತ್ತಿರ ಹೋಗುವವರ ಕಡೆಯಿಂದ ಅದನ್ನು ಯೋಚಿಸಿರಲಿಲ್ಲ, ಅಷ್ಟೇ.

ಅತ್ತೆ ಕೇಳಿದರು, "ನೀನು ಹೋಗಿ ಆ ಮಿಷಿನ್ ನೋಡ್ಕೊಂಡು ಬರ್ತೀಯಾ? ನೀನು ನೋಡಿ ಸರಿ ಅಂದ್ರೆ ನಾನು ಹೋಗ್ತೀನಿ. ನೀನು ಬ್ಯಾಡ ಅಂದ್ರೆ ಊರಿಗೆ ಹೋಗೋಣ."

ಇಷ್ಟು ವರ್ಷ ಎಷ್ಟೋ ವೆಲ್ಡಿಂಗಿಗೆ ಸಹಿ ಹಾಕಿದ್ದೇನೆ. ಅಷ್ಟು ಭಾರದ ಜವಾಬ್ದಾರಿ ಯಾವ ಟ್ಯಾಂಕೂ ನನ್ನ ಮೇಲೆ ಹೊರಿಸಿರಲಿಲ್ಲ.

ಯಂತ್ರವನ್ನು ನೋಡಿಕೊಳ್ಳುವ ಫಿಸಿಸಿಸ್ಟ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರೋಗಿಗಳ ಕಡೆಯವರು ಯಂತ್ರ ನೋಡಬೇಕು ಎಂದು ಕೇಳುವುದು ಅವರಿಗೆ ಹೊಸದು. ಮೊದಲು ಅನುಮಾನದಿಂದ ನೋಡಿದರು. "ಈಗ ಸೋರ್ಸ್ ಎಷ್ಟು ಕ್ಯೂರಿ ಇದೆ?" ಎಂದು ಇರಿಡಿಯಂ ಕಾಳಿನ ಶಕ್ತಿಯ ಅಳತೆ ಕೇಳಿದೆ ನೋಡಿ, ಅವರ ಮುಖವೇ ಬದಲಾಯಿತು.

"ನೀವು ಯಾವ ಲೈನು?"

"ವೆಲ್ಡಿಂಗ್ ರೇಡಿಯೋಗ್ರಫಿ. ಇನ್‌ಸ್ಪೆಕ್ಷನ್."

"ಅಯ್ಯೋ, ಹಾಗಾದ್ರೆ ನೀವು ನಮ್ಮೋರೇ! ಬನ್ನಿ ಬನ್ನಿ," ಎಂದು ಒಳಗೆ ಕರೆದುಕೊಂಡು ಹೋದರು.

ಯಂತ್ರ ಸೊಂಟದೆತ್ತರವಿತ್ತು, ಚಕ್ರಗಳ ಮೇಲೆ ನಿಂತಿತ್ತು. ನಾನು ಕೇಳಬೇಕೆಂದಿದ್ದುದು ಒಂದೇ ಪ್ರಶ್ನೆ. "ಇದು ಸಿಕ್ಕಿಹಾಕಿಕೊಂಡರೆ?"

ಅವರು ಬೇಸರಪಡಲಿಲ್ಲ. ನಿಧಾನವಾಗಿ ಒಂದೊಂದನ್ನೇ ತೋರಿಸಿದರು. ನಿಜವಾದ ತಂತಿ ಹೊರಡುವ ಮೊದಲು ಇರಿಡಿಯಂ ಇಲ್ಲದ ಬರೀ ತಂತಿಯೊಂದು ಅದೇ ದಾರಿಯಲ್ಲಿ ಹೋಗಿ ಬರುತ್ತದೆ. ಎಲ್ಲಾದರೂ ಕೊಳವೆ ಮಡಚಿದ್ದರೆ, ಸಡಿಲವಿದ್ದರೆ ಅದು ವಾಪಸ್ಸು ಬರುತ್ತದೆ, ಯಂತ್ರ ಮುಂದುವರಿಯುವುದಿಲ್ಲ. ಬಾಗಿಲು ತೆರೆದರೆ ತಂತಿ ತಾನಾಗಿ ಒಳಗೆ ಹೋಗುತ್ತದೆ. ಕರೆಂಟು ಹೋದರೆ ಬ್ಯಾಟರಿ ಅದನ್ನು ಎಳೆದುಕೊಳ್ಳುತ್ತದೆ. ಅದೂ ಕೈಕೊಟ್ಟರೆ ಕೈಯಲ್ಲಿ ತಿರುಗಿಸುವ ಹಿಡಿ. ಮೂಲೆಯಲ್ಲಿ ದಪ್ಪ ಸೀಸದ ಪಾತ್ರೆ, ಅದರ ಪಕ್ಕ ಉದ್ದನೆಯ ಇಕ್ಕಳ.

"ಇದನ್ನ ಯಾವತ್ತಾದ್ರೂ ಉಪಯೋಗಿಸಿದ್ದೀರಾ?" ಎಂದು ಇಕ್ಕಳ ತೋರಿಸಿ ಕೇಳಿದೆ.

"ಪ್ರಾಕ್ಟೀಸ್ ಮಾಡ್ತೀವಿ ಮೇಡಂ. ನಿಜಕ್ಕೂ ಬೇಕಾಗಿಲ್ಲ."

ಆ ಬರೀ ತಂತಿಯನ್ನು ನನಗಾಗಿ ಒಂದು ಸಲ ಓಡಿಸಿ ತೋರಿಸಿದರು. ಸರ್ರೆಂದು ಹೋಯಿತು, ಸರ್ರೆಂದು ಬಂತು. ನಮ್ಮ ಕಾರ್ಖಾನೆಯಲ್ಲಿ ದಾರಿ ಸರಿಯಿದೆಯೇ ಎಂದು ಮೊದಲು ಇಂಥ ತಂತಿಯೊಂದು ಹೋಗಿ ನೋಡುವ ಏರ್ಪಾಡು ಇರಲಿಲ್ಲ. ಎಷ್ಟು ಸರಳವಾದ ಯೋಚನೆ! ನಾನು ಹೊರಗೆ ಬಂದೆ. ಅತ್ತೆ ಬೆಂಚಿನಿಂದ ಎದ್ದು ನಿಂತಿದ್ದರು.

"ಏಮಂಟಾವ್?" ಅಂದರು. ಏನಂತೀಯ?

"ಸರಿಯಾಗಿದೆ ಅತ್ತೆ. ಹೋಗಿ."

ಮೊದಲನೆಯ ದಿನ ಬೆಳಿಗ್ಗೆ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಕೊಳವೆ ಇಟ್ಟರು. ಆಮೇಲೆ ಸ್ಕ್ಯಾನು, ಆಮೇಲೆ ತಂತಿ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ನಿಲ್ಲಬೇಕೆಂಬ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಅತ್ತೆಯನ್ನು ದಪ್ಪ ಬಾಗಿಲಿನ ಕೋಣೆಗೆ ಕರೆದೊಯ್ದರು. ಫಿಸಿಸಿಸ್ಟ್ ನನ್ನ ಬಳಿ ಬಂದು, "ಸೋರ್ಸ್ ಹಳೇದಾಗಿದೆ, ಇನ್ನೆರಡು ವಾರಕ್ಕೆ ಹೊಸದು ಬರುತ್ತೆ. ಹಾಗಾಗಿ ಇವತ್ತು ಹದಿನೆಂಟು ನಿಮಿಷ ಹಿಡಿಯುತ್ತೆ. ಗಾಬರಿ ಆಗ್ಬೇಡಿ," ಅಂದರು. ಗೊತ್ತಿತ್ತು. ಇರಿಡಿಯಂ ಎಪ್ಪತ್ತನಾಲ್ಕು ದಿನಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಅಣ್ಣನೂ ಹಾಗೇ ಸೋರ್ಸು ಹಳೆಯದಾದಂತೆ ಫಿಲ್ಮಿಗೆ ಹೆಚ್ಚು ಹೊತ್ತು ಕೊಡುತ್ತಾರೆ.

ಹೊರಗಿನ ಟಿವಿ ಪರದೆಯಲ್ಲಿ ಅತ್ತೆಯ ತಲೆ, ಎದೆಯ ಮೇಲೆ ಜೋಡಿಸಿದ ಎರಡು ಕೈ ಕಾಣುತ್ತಿದ್ದವು. ತುಟಿ ಅಲ್ಲಾಡುತ್ತಿತ್ತು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಗಂಡ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು, ಅವರ ಗಡಿಯಾರದ ಪಟ್ಟಿ ಒತ್ತುತ್ತಿತ್ತು. ನಾನು ಅದನ್ನು ಬಿಡಿಸಿಕೊಳ್ಳಲಿಲ್ಲ.

ಕೆಂಪು ಆರಿ ಹಸಿರು ಹತ್ತಿತು. ಫಿಸಿಸಿಸ್ಟ್ ಮೀಟರು ಹಿಡಿದು ಮೊದಲು ತಾವೇ ಒಳಗೆ ಹೋದರು. ನಾನು ಕಿವಿಗೊಟ್ಟು ನಿಂತೆ. ಏನೂ ಕೇಳಲಿಲ್ಲ. ಯಾವುದೋ ಒಂದು ಸದ್ದು ಬಾರದಿರುವುದಕ್ಕೆ ಅಷ್ಟು ಹಿಗ್ಗಿದ್ದು ನನಗೆ ನೆನಪಿಲ್ಲ.

"ಒಳಗೆ ಏನನ್ನಿಸ್ತು?" ಎಂದು ಸಂಜೆ ಕೇಳಿದೆ.

"ಏನೂ ಇಲ್ಲ. ಹುಳ ಗುಂಯ್‌ಗುಟ್ಟಿದ ಹಾಗೆ ಮಿಷಿನ್ ಸದ್ದು. ಅಷ್ಟೇ. ಮಲ್ಗಿರೋವಾಗ ಎಷ್ಟು ದೇವ್ರಿಗೆ ಹರಕೆ ಹೊತ್ಕೊಂಡೆ ಅಂತ ನೆಪ್ಪಿಲ್ಲ. ಎಲ್ಲಾ ತೀರ್ಸ್‌ಬೇಕು ಈಗ," ಎಂದು ನಕ್ಕರು. ನೋವಿತ್ತು. ಕೊಳವೆ ತೆಗೆಯುವಾಗ ಕೂಗಿದ್ದರಂತೆ. ಆದರೆ ನಕ್ಕರು.

ಎರಡನೆಯ ವಾರಕ್ಕೆ ಬೇರೆಯೇ ಒಂದು ತೊಡಕು ಬಂತು. ಚಿಕ್ಕತ್ತೆ ಊರಿನಿಂದ ಫೋನು ಮಾಡಿ ಅತ್ತೆಯ ಕಿವಿಗೆ ಏನೋ ಹಾಕಿದ್ದರು. ಕೆಟ್ಟ ಮನಸ್ಸಿನವರಲ್ಲ, ಹಸುಗಳನ್ನು ನೋಡಿಕೊಳ್ಳುತ್ತಿದ್ದವರೇ ಅವರು. ಯಾರೋ ಹೇಳಿದ್ದನ್ನು ನಂಬಿ ಹೆದರಿದ್ದರು. ಕರೆಂಟು ಕೊಡಿಸಿಕೊಂಡವರ ಮೈಯಲ್ಲಿ ವಿಷ ನಿಲ್ಲುತ್ತದಂತೆ, ಅವರು ಹಸು ಮುಟ್ಟಿದರೆ ಹಾಲಿಗೂ ಇಳಿಯುತ್ತದಂತೆ. ರೇಡಿಯೇಷನ್‌ಗೆ ನಮ್ಮ ಕಡೆ ಕರೆಂಟು ಕೊಡುವುದು ಅನ್ನುತ್ತಾರೆ. ಅತ್ತೆ ಎರಡು ದಿನ ಊಟ ಬಿಟ್ಟು ಮಂಕಾಗಿ ಕೂತರು. ಕ್ಯಾನ್ಸರ್ ಎಂದಾಗಲೂ ಅವರು ಹಾಗೆ ಕೂತಿರಲಿಲ್ಲ.

"ಕರು ನನ್ನ ಕೈನೇ ನೆಕ್ಕೋದು ಕಣಮ್ಮಾ. ಇನ್ನು ಮುಟ್ಟಬಾರ್ದು ಅಂದ್ರೆ ನಾನ್ಯಾಕೆ ಊರಿಗೆ ಹೋಗ್ಲಿ?"

ನಾನು ಹೇಳಿದ್ದು ಸಾಲಲಿಲ್ಲ. ಎರಡನೆಯ ಚಿಕಿತ್ಸೆ ಮುಗಿದ ಕೂಡಲೇ ಫಿಸಿಸಿಸ್ಟ್‌ಗೆ ವಿಷಯ ತಿಳಿಸಿದೆ. ಅವರು ಮೀಟರನ್ನು ಅತ್ತೆಯ ಹಾಸಿಗೆಯ ಬಳಿಗೇ ತಂದರು. "ಅಜ್ಜೀ, ಇದು ಒಂದು ಚೂರು ಇದ್ರೂ ಕಿರ್‌ಕಿರ್ ಅಂತ ಹೇಳ್ಬಿಡುತ್ತೆ. ಸುಳ್ಳು ಹೇಳಲ್ಲ. ನಿಮ್ಮ ಸೊಸೇನೇ ಹಿಡೀಲಿ," ಎಂದು ನನ್ನ ಕೈಗೆ ಕೊಟ್ಟರು.

ನಾನು ಅತ್ತೆಯ ಕೈಯ ಮೇಲೆ ಹಿಡಿದೆ, ಹೊಟ್ಟೆಯ ಮೇಲೆ ಹಿಡಿದೆ, ಪಾದದವರೆಗೂ ಆಡಿಸಿದೆ. ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತು, ಅಷ್ಟೇ. ಗೋಡೆಯ ಕಡೆ ಹಿಡಿದರೂ ಅಷ್ಟೇ ಟಿಕ್. ಮುಳ್ಳು ಮಿಸುಕಲಿಲ್ಲ.

"ನಿನ್ಮೇಲೆ ಇಟ್ಕೋ," ಅಂದರು ಅತ್ತೆ. ಇಟ್ಟುಕೊಂಡೆ. ಅಷ್ಟೇ. "ಅವನ ಮೇಲೆ ಇಡು." ಮಗನ ಮೇಲೂ ಅಷ್ಟೇ. ಫಿಸಿಸಿಸ್ಟ್ ತಾವೇ ಕೈ ಮುಂದೆ ಮಾಡಿದರು. ನಾಲ್ವರೂ ಒಂದೇ.

"ಅದು ಒಳಗೆ ಬಂದು ಹೋಗುತ್ತೆ ಅಜ್ಜೀ. ದೀಪ ಆರಿಸಿದ ಮೇಲೆ ಕೋಣೇಲಿ ಬೆಳಕು ಉಳಿಯುತ್ತಾ? ಉಳಿಯಲ್ಲ. ಹಸು ಮುಟ್ಟಿ, ಹಾಲು ಕರೀರಿ, ಮಕ್ಕಳನ್ನ ಎತ್ಕೊಳ್ಳಿ."

ಅತ್ತೆ ನನ್ನ ಕಡೆ ತಿರುಗಿ, "ಫೋನ್ ಹಚ್ಚು ನಿಮ್ಮ ಚಿಕ್ಕತ್ತೇಗೆ," ಅಂದರು. ಆ ಫೋನಿನಲ್ಲಿ ಅವರು ಆಡಿದ್ದು ಪೂರ್ತಿ ತೆಲುಗು. ಬೈಗುಳ ಎಲ್ಲಿ ಮುಗಿದು ಪ್ರೀತಿ ಎಲ್ಲಿ ಶುರುವಾಯಿತು ಎಂದು ನನಗೆ ಗೊತ್ತಾಗಲಿಲ್ಲ. ಕೊನೆಗೆ ಇಬ್ಬರೂ ಅಳುತ್ತಿದ್ದರು. ಆವತ್ತು ಅತ್ತೆ ಎರಡು ಇಡ್ಲಿ ಹೆಚ್ಚಿಗೆ ತಿಂದರು.

ಮೂರನೆಯ ಸಲಕ್ಕೆ ಹೊಸ ಸೋರ್ಸು ಬಂದಿತ್ತು. ಒಂಬತ್ತೇ ನಿಮಿಷ. ಕೋಣೆಯಿಂದ ಹೊರಗೆ ಬಂದಾಗ ಅತ್ತೆ, "ಇಷ್ಟ್ ಬೇಗ್ನಾ? ಸರಿಯಾಗಿ ಕೊಟ್ರೋ ಇಲ್ವೋ ಕೇಳು," ಎಂದು ನನ್ನನ್ನೇ ಕಳಿಸಿದರು.

ಮೂರು ತಿಂಗಳ ಮೇಲೆ ಸ್ಕ್ಯಾನು. ಆ ಮೂರು ತಿಂಗಳು ಹೇಗೆ ಕಳೆದವು ಎಂದು ಬರೆಯಲು ಕೂತರೆ ಏನೂ ನೆನಪಾಗುವುದಿಲ್ಲ. ಕೆಲಸಕ್ಕೆ ಹೋದೆ, ಬಂದೆ. ಫಿಲ್ಮುಗಳನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಚುಕ್ಕೆ ಹುಡುಕಿದೆ. ಉಕ್ಕಿನಲ್ಲಿ ಕಪ್ಪು ಚುಕ್ಕೆ ಸಿಕ್ಕರೆ ಅಲ್ಲಿ ಉಜ್ಜಿ ತೆಗೆದು ಮತ್ತೆ ವೆಲ್ಡ್ ಮಾಡಿಸಬಹುದು. ಮನುಷ್ಯರದು ಹಾಗಲ್ಲ ಎಂಬ ಯೋಚನೆ ಮಾತ್ರ ಪದೇ ಪದೇ ಬರುತ್ತಿತ್ತು. ನಡುವೆ ಒಂದು ಒಳ್ಳೆಯ ಕೆಲಸ ಮಾಡಿದೆ. ಇರಿಡಿಯಂ ಬಿಡುವ ಮೊದಲು ಬರೀ ತಂತಿಯನ್ನು ಕೊಳವೆಯಲ್ಲಿ ಓಡಿಸಿ ನೋಡಬೇಕು, ಹತ್ತಿರದ ಪೈಪುಗಳಿಗೆ ಕಡ್ಡಾಯವಾಗಿ ಆನಿಕೆ ಇರಬೇಕು ಎಂದು ಬರೆದು ಕೊಟ್ಟೆ. ಅಣ್ಣ ಓದಿ, "ಎಲ್ಲಿ ಕಲ್ತ್ರಿ ಮೇಡಂ?" ಅಂದರು. "ಆಸ್ಪತ್ರೇಲಿ," ಅಂದೆ. ಕಾರ್ಖಾನೆಯವರು ಒಪ್ಪಿದರು.

ಸ್ಕ್ಯಾನಿನ ಫಲ ಹೇಳುವ ದಿನ ವೈದ್ಯೆ ನಮ್ಮನ್ನು ಕಾಯಿಸಲಿಲ್ಲ. ಬಾಗಿಲಲ್ಲೇ, "ಬನ್ನಿ ಬನ್ನಿ, ಚೆನ್ನಾಗಿದೆ," ಅಂದರು. ಗಡ್ಡೆ ಇಲ್ಲ. ಪರೀಕ್ಷೆ ಮಾಡಿದಾಗಲೂ ಏನೂ ಕಾಣಲಿಲ್ಲ. ಇನ್ನು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು. ನನ್ನ ಗಂಡ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟು, "ಏಡವಕ್ರಾ," ಅಂದರು. ಅಳಬೇಡವೋ. ಆಮೇಲೆ ನನ್ನ ಕಡೆ ತಿರುಗಿ, "ಬಸ್ಸು ಸಿಗುತ್ತಾ? ಸಂಜೆ ಹಾಲಿಗೆ ಊರಲ್ಲಿರ್ಬೇಕು," ಅಂದರು.

ಹಾಲಿನ ಹೊತ್ತಿಗೆ ಊರು ಸೇರಲಾಗಲಿಲ್ಲ, ಆದರೆ ಕತ್ತಲಾಗುವ ಮೊದಲು ಸೇರಿದೆವು. ಚಿಕ್ಕತ್ತೆ ಆರತಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಇದೆಲ್ಲ ಆಗಿ ಎರಡು ವರ್ಷವಾಗುತ್ತಾ ಬಂತು. ಈಗ ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದರೆ ಸಾಕು.

ಹೋದ ಶ್ರಾವಣದಲ್ಲಿ ನನಗೆ ಒಂದು ಫೋನು ಬಂತು. ಅತ್ತೆಯ ಊರಿನ ಹೆಂಗಸು, ನನಗೆ ಮುಖ ಪರಿಚಯ ಅಷ್ಟೇ. ದನಿ ತಗ್ಗಿಸಿ ಮಾತಾಡಿದರು. "ಅಕ್ಕಾ, ನಿಮ್ಮತ್ತೆ ಡೈರಿ ಹತ್ರ ಕ್ಯೂನಲ್ಲಿ ಎಲ್ರ ಎದ್ರಿಗೂ ಹೇಳ್ತಾರೆ, ಕೆಂಪು ಹೋದ್ರೆ ಮುಚ್ಚಿಡಬ್ಯಾಡ್ರೇ, ನಾನು ಮುಚ್ಚಿಟ್ಟು ಸಾಯೋಳಿದ್ದೆ ಅಂತ. ನಾಚ್ಕೆ ಪಡಲ್ಲ ಅವ್ರು. ನನಗೂ… ಎರಡು ತಿಂಗ್ಳಿಂದ… ನೀವು ಒಂದ್ಸಲ ಕರ್ಕೊಂಡು ಹೋಗ್ತೀರಾ?"

ಬುಧವಾರ ರಜೆ ಹಾಕಿದೆ. ಅತ್ತೆಯೂ ಬಂದರು, ಬೇಡ ಅಂದರೂ ಕೇಳಲಿಲ್ಲ. ಕೋಲಾರದ ಅದೇ ಲೇಡಿ ಡಾಕ್ಟರು ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ವಾರ ಬಿಟ್ಟು ಬರಹೇಳಿದರು. ವಾರ ಬಿಟ್ಟು ಹೋದಾಗ ಆ ಹೆಂಗಸಿನ ಕೈ ಮಂಜಿನಂತೆ ತಣ್ಣಗಿತ್ತು. ಅತ್ತೆ ಅದನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡು ಕೂತಿದ್ದರು.

ಕ್ಯಾನ್ಸರ್ ಅಲ್ಲ. ಸೋಂಕು, ಹದಿನೈದು ದಿನದ ಮಾತ್ರೆ.

ಅವರು ಚೀಟಿಯನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡರು. ಮೂವರೂ ರಸ್ತೆಗೆ ಬಂದು ಕಬ್ಬಿನ ಹಾಲಿನ ಗಾಡಿಯ ನೆರಳಲ್ಲಿ ನಿಂತೆವು. ಗಾಡಿಯವನು ಗ್ಲಾಸು ತೊಳೆಯುತ್ತಾ ಶುಂಠಿ ಹಾಕಲೇ ಎಂದು ಕೇಳಿದ. "ಜಾಸ್ತಿ ಹಾಕಪ್ಪಾ," ಅಂದರು ಅತ್ತೆ.